ಮೊದಲ ಪೆಟ್ಟು ಖಾಲಿ

2000ನೇ ಇಸವಿಯ ಆಸುಪಾಸು. ಧಾರವಾಡ ಬಿಟ್ಟು ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದು ಕೆಲವೇ ತಿಂಗಳಾಗಿತ್ತು. ಮೆಜೆಸ್ಟಿಕ್ ಹತ್ತಿರ ಫುಟ್‌ಪಾತ್‌ನಲ್ಲಿ ಒಂದು ಎಂಪಿತ್ರೀ ಸೀಡಿ ಕೊಂಡಿದ್ದೆ. ನೂರಕ್ಕೂ ಜಾಸ್ತಿ ಇಂಗ್ಲಿಷ್ ಹಾಡುಗಳು. ಕವರಿನ ಮೇಲೆ ಅರ್ಧ ಹೆಸರುಗಳು ತಪ್ಪು. ಅದರಲ್ಲಿ ಜಮೈಕಾದ ರೆಗ್ಗೆ ಗಾಯಕ ಬಾಬ್ ಮಾರ್ಲಿಯ 'ಸನ್ ಈಸ್ ಶೈನಿಂಗ್' ಇತ್ತು. ಧಪ್ ಧಪ್ ಧಪ್ ಧಪ್ ಅಂತ ಒಂದೇ ಸಮ ಬಡಿಯುವ ಡ್ರಮ್, ಅದರ ಮೇಲೆ ತೇಲಿ ಬರುವ ಆ ದನಿ. ರೂಮ್‌ಮೇಟ್‌ನ ಕಂಪ್ಯೂಟರಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ರಾತ್ರಿಯೆಲ್ಲ ಕೇಳುತ್ತಿದ್ದೆ. ಮಾರ್ಲಿ ಹಾಡಿದ್ದೇ ಹೀಗೆ ಅಂದುಕೊಂಡಿದ್ದೆ.

ಹಾಗಲ್ಲ ಅಂತ ತಿಳಿಯಲು ಎರಡು ವರ್ಷ ಹಿಡಿಯಿತು. ನಾನು ಕೇಳುತ್ತಿದ್ದದ್ದು ರೀಮಿಕ್ಸ್, ಅಂದರೆ ಹಳೆಯ ಹಾಡನ್ನು ಬೇರೊಬ್ಬರು ಬದಲಿಸಿ ಮಾಡಿದ್ದು. ಡೆನ್ಮಾರ್ಕಿನ ಫಂಕ್‌ಸ್ಟಾರ್ ಡಿಲಕ್ಸ್ ಎಂಬ ಹೌಸ್ (ಕ್ಲಬ್ಬುಗಳಲ್ಲಿ ಕುಣಿಯಲು ಮಾಡುವ ಎಲೆಕ್ಟ್ರಾನಿಕ್ ಸಂಗೀತ) ಸಂಗೀತಗಾರ 1999ರಲ್ಲಿ ಹೊರತಂದದ್ದು. ಮಾರ್ಲಿ ತೀರಿಕೊಂಡಿದ್ದು 1981ರಲ್ಲಿ. ಆ ಹಾಡನ್ನು ಅವರು ಮೊದಲು ಮಾಡಿದ್ದು ಎಪ್ಪತ್ತರ ದಶಕದ ಶುರುವಿನಲ್ಲಿ, ನಿರ್ಮಾಪಕ ಲೀ ಪೆರ್ರಿ ಜೊತೆ. ಮುಂದೆ 1978ರ 'ಕಾಯಾ' ಆಲ್ಬಮ್ಮಿಗೆ ಮತ್ತೊಮ್ಮೆ ಹಾಡಿದರು. ಗೆಳೆಯನೊಬ್ಬ ಆ ಆಲ್ಬಮ್ಮಿನ ಕ್ಯಾಸೆಟ್ ಕೊಟ್ಟ. ಕೇಳಿದೆ. ಏನೋ ಕಳೆದುಹೋದ ಹಾಗೆ ಅನ್ನಿಸಿತು. ನಿಧಾನ, ಬಿಡಿ ಬಿಡಿ, ನಡುನಡುವೆ ತೂತು. ಧಪ್ ಅನ್ನಬೇಕಾದ ಜಾಗದಲ್ಲಿ ಏನೂ ಇಲ್ಲ.

ಆ ಏನೂ ಇಲ್ಲದ ಜಾಗದ ಬಗ್ಗೆ ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಚಿಕ್ಕಂದಿನಲ್ಲಿ ನಾಲ್ಕು ವರ್ಷ ತಬಲಾ ಕಲಿತಿದ್ದೆ. ಕೈ ಅಷ್ಟಾಗಿ ಕೂರಲಿಲ್ಲ, ಆದರೆ ಕಿವಿ ಕೂತಿತು. ನಮ್ಮ ಮಾಸ್ತರ್ರು ತಬಲಾ ಮುಟ್ಟಿಸುವ ಮೊದಲು ಮೂರು ತಿಂಗಳು ಬರೀ ಕೈಯಲ್ಲಿ ತಾಳ ಹಾಕಿಸಿದ್ದರು. ತೀನ್‌ತಾಲ್‌ನ ಹದಿನಾರು ಮಾತ್ರೆ. ಒಂದನೇ ಮಾತ್ರೆ ಸಮ್. ಒಂಬತ್ತಕ್ಕೆ ಖಾಲಿ. ಖಾಲಿ ಬಂದಾಗ ಚಪ್ಪಾಳೆ ಇಲ್ಲ, ಕೈ ಹೊರಗೆ ಬೀಸಬೇಕು. ನಾನು ಬೀಸದೆ ಸುಮ್ನೆ ಕೂತರೆ ಬೈಯುತ್ತಿದ್ದರು. "ಖಾಲಿ ಅಂದ್ರ ಏನೂ ಇಲ್ಲ ಅಂತಲ್ಲೋ ತಮ್ಮಾ. ಅದೂ ಒಂದು ಮಾತ್ರೀನ. ಕೈ ಬೀಸು" ಅನ್ನುತ್ತಿದ್ದರು.

ರೆಗ್ಗೆಯಲ್ಲಿ ಒನ್ ಡ್ರಾಪ್ ಅಂತ ಒಂದು ಡ್ರಮ್ ನಡೆ ಇದೆ. ನಾಲ್ಕು ಮಾತ್ರೆ ಎಣಿಸಿ. ಎರಡಕ್ಕೆ ಮತ್ತು ನಾಲ್ಕಕ್ಕೆ ಗಿಟಾರು ಚಕ್ ಅನ್ನುತ್ತದೆ. ಮೂರಕ್ಕೆ ಕಿಕ್, ಅಂದರೆ ಕಾಲಿನಿಂದ ಬಾರಿಸುವ ದಪ್ಪ ಡ್ರಮ್, ಬೀಳುತ್ತದೆ. ಒಂದನೇ ಮಾತ್ರೆಗೆ ಕಿಕ್ ಇಲ್ಲ, ಅದನ್ನು ಬೇಕೆಂದೇ ಬೀಳಿಸಿಬಿಟ್ಟಿದ್ದಾರೆ. ನಮ್ಮ ಮಾಸ್ತರರ ಮಾತಲ್ಲಿ ಹೇಳುವುದಾದರೆ, ಸಮ್ ಇರಬೇಕಾದ ಕಡೆಯೇ ಖಾಲಿ. ಇದು ಹೊಳೆದ ದಿನ ಎದ್ದು ಕೂತು 'ಕಾಯಾ'ವನ್ನು ಮತ್ತೆ ಮೊದಲಿಂದ ಕೇಳಿದೆ. ತೂತು ಅಂದುಕೊಂಡಿದ್ದೆನಲ್ಲ, ಇಡೀ ಹಾಡು ಅದರ ಸುತ್ತಲೇ ತೂಗುತ್ತಿತ್ತು.

ಹೌಸ್ ಸಂಗೀತ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ನಾಲ್ಕೂ ಮಾತ್ರೆಗೆ ಕಿಕ್ ಬೀಳುತ್ತದೆ. ಪ್ರತಿ ಮಾತ್ರೆಯೂ ಸಮ್. ವೇಗವೂ ಬೇರೆ. ಹೌಸ್ ನಿಮಿಷಕ್ಕೆ ಸುಮಾರು 120ರಿಂದ 128 ಮಾತ್ರೆ ಓಡುತ್ತದೆ. ರೆಗ್ಗೆಯನ್ನು ನೀವು ಎಣಿಸುವ ರೀತಿಯ ಮೇಲೆ 70ರ ಹತ್ತಿರ ಅನ್ನಬಹುದು, ಇಲ್ಲಾ ಅದರ ದುಪ್ಪಟ್ಟು ಅನ್ನಬಹುದು. ಹೀಗಿರುವಾಗ ಹೌಸ್‌ನವರು ರೆಗ್ಗೆಯನ್ನು, ಅದರಲ್ಲೂ ಡಬ್ ಅನ್ನು ಮುಟ್ಟಿದಾಗ ಏನಾಗುತ್ತದೆ? ಖಾಲಿ ಜಾಗ ತುಂಬಿಹೋಗುತ್ತದೆ. ನನ್ನ ಆ ಎಂಪಿತ್ರೀಯಲ್ಲಿ ಆಗಿದ್ದೂ ಅದೇ. ಆದರೂ ಕೆಲವರು ಅದನ್ನು ತುಂಬದೆ ಉಳಿಸಿಕೊಂಡಿದ್ದಾರೆ. ಅವರನ್ನು ಹುಡುಕುತ್ತಾ ಇಪ್ಪತ್ತು ವರ್ಷ ಕಳೆದಿದ್ದೇನೆ.

ಮೊದಲು ಡಬ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಸಿನಿಮಾದ ಡಬ್ಬಿಂಗ್ ನೆನಪಾದರೆ ತಪ್ಪಿಲ್ಲ, ಅದೂ ಇದೂ ಒಂದೇ ಬೇರಿನ ಮಾತು. ಆದರೆ ಸಿನಿಮಾದಲ್ಲಿ ದನಿ ಸೇರಿಸುತ್ತಾರೆ. ಜಮೈಕಾದಲ್ಲಿ ದನಿ ತೆಗೆದರು.

ಅದು ಶುರುವಾದದ್ದು ಒಂದು ಮರೆವಿನಿಂದ ಅನ್ನುತ್ತಾರೆ. ಅರವತ್ತರ ದಶಕದ ಕೊನೆ. ಸ್ಪ್ಯಾನಿಷ್ ಟೌನ್ ಎಂಬ ಊರಿನಲ್ಲಿ ರಡ್ಡಿ ರೆಡ್‌ವುಡ್ ಅಂತ ಒಬ್ಬರು ಸೌಂಡ್ ಸಿಸ್ಟಮ್ ನಡೆಸುತ್ತಿದ್ದರು. ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳನ್ನು ಬಯಲಲ್ಲಿ ಇಟ್ಟು ರಾತ್ರಿಯಿಡೀ ಹಾಡು ಹಾಕುವ ಕೆಲಸ. ಕಿಂಗ್‌ಸ್ಟನ್‌ನಲ್ಲಿ ಡ್ಯೂಕ್ ರೀಡ್ ಅವರ ಟ್ರೆಷರ್ ಐಲ್ ಸ್ಟುಡಿಯೋ ಇತ್ತು, ಹೆಂಡದಂಗಡಿಯ ಮಹಡಿಯ ಮೇಲೆ. ಅಲ್ಲಿಂದ ರಡ್ಡಿ ತಮ್ಮ ಸಿಸ್ಟಮ್‌ಗಾಗಿ ಒಂದು ಡಬ್‌ಪ್ಲೇಟ್ ಕೊರೆಸಿಕೊಳ್ಳಲು ಹೋಗಿದ್ದರು. ಡಬ್‌ಪ್ಲೇಟ್ ಅಂದರೆ ಒಂದೇ ಪ್ರತಿಯ ಮೆತ್ತನೆ ರೆಕಾರ್ಡು, ಕೆಲವು ಡಜನ್ ಸಲ ಹಾಕುವಷ್ಟರಲ್ಲಿ ಸವೆದುಹೋಗುತ್ತದೆ. ಪ್ಯಾರಗಾನ್ಸ್ ತಂಡದ 'ಆನ್ ದ ಬೀಚ್' ಹಾಡನ್ನು ಕೊರೆಯುವಾಗ ಎಂಜಿನಿಯರ್ ಬೈರನ್ ಸ್ಮಿತ್ ಹಾಡುಗಾರರ ಟ್ರ್ಯಾಕ್ ತೆರೆಯಲು ಮರೆತರು. ರಡ್ಡಿ ಅದನ್ನು ಹಾಗೇ ತೆಗೆದುಕೊಂಡು ಹೋದರು.

ಆ ರಾತ್ರಿ ಮೊದಲು ದನಿ ಇದ್ದ ರೆಕಾರ್ಡು ಹಾಕಿದರು. ಆಮೇಲೆ ದನಿ ಇಲ್ಲದ್ದು. ಡ್ರಮ್ಮು, ತಗ್ಗಿನ ಸ್ವರದ ಬೇಸು ಮಾತ್ರ. ಜನ ಒಂದು ಕ್ಷಣ ನಿಂತರಂತೆ. ಆಮೇಲೆ ಇಡೀ ಬಯಲು ಹಾಡತೊಡಗಿತು. ಇಲ್ಲದ ದನಿಯನ್ನು ಜನವೇ ತುಂಬಿದರು.

ಈ ಕಥೆ ಎಷ್ಟು ಸಲ ಓದಿದರೂ ನನಗೆ ಸಾಕಾಗಿಲ್ಲ. ಯಾಕಂದರೆ ಮುಂದೆ ಆದದ್ದೆಲ್ಲಾ ಇದರೊಳಗೇ ಇದೆ. ಸ್ವಲ್ಪ ಕಾಲದಲ್ಲೇ ಜಮೈಕಾದ ಪುಟ್ಟ ರೆಕಾರ್ಡುಗಳ ಹಿಂಬದಿಯಲ್ಲೆಲ್ಲ 'ವರ್ಷನ್' ಅಂತ ಬರತೊಡಗಿತು. ಮುಂದೆ ಹಾಡು, ಹಿಂದೆ ಅದೇ ಹಾಡು ದನಿ ಇಲ್ಲದೆ. ಎರಡನೇ ಹಾಡು ರೆಕಾರ್ಡ್ ಮಾಡುವ ಖರ್ಚು ಉಳಿಯಿತು ಅನ್ನುವುದೂ ನಿಜ.

ಇದನ್ನು ಕಲೆ ಮಾಡಿದವರು ಕಿಂಗ್ ಟಬ್ಬಿ. ಹುಟ್ಟು ಹೆಸರು ಆಸ್ಬರ್ನ್ ರಡಾಕ್. 1941ರಲ್ಲಿ ಹುಟ್ಟಿದವರು. ಕಸುಬು ರೇಡಿಯೋ, ಆಂಪ್ಲಿಫೈಯರ್ ರಿಪೇರಿ. ನಮ್ಮ ಕಡೆ ಮೈಕ್ ಸೆಟ್ ಅಂಗಡಿಯಲ್ಲಿ ಸಾಲ್ಡರಿಂಗ್ ಕಡ್ಡಿ ಹಿಡಿದು ಕೂತಿರುತ್ತಾರಲ್ಲ, ಅಂಥವರು. ಕಿಂಗ್‌ಸ್ಟನ್‌ನ ವಾಟರ್‌ಹೌಸ್ ಎಂಬ ಬಡವರ ಬಡಾವಣೆ. ಅಲ್ಲಿ ಡ್ರೊಮಿಲಿ ಅವೆನ್ಯೂದಲ್ಲಿ ಅವರ ತಾಯಿಯ ಮನೆ. ಅದರ ಮುಂದಿನ ಕೋಣೆಯೇ ಸ್ಟುಡಿಯೋ. ಹಾಡುವವರು ನಿಲ್ಲುವ ಜಾಗ ಬಚ್ಚಲುಮನೆ. ದೊಡ್ಡ ಸ್ಟುಡಿಯೋ ಒಂದು ಹಳತಾಯಿತು ಅಂತ ಮಾರಿದ ನಾಲ್ಕು ಟ್ರ್ಯಾಕಿನ ಮಿಕ್ಸರನ್ನು ಕೊಂಡು ತಂದಿದ್ದರು. ಇಡೀ ತಂಡ ನುಡಿಸುವಷ್ಟು ಜಾಗ ಅಲ್ಲಿರಲಿಲ್ಲ. ಬೇರೆ ಕಡೆ ರೆಕಾರ್ಡ್ ಆದ ಟೇಪುಗಳು ಅಲ್ಲಿಗೆ ಬರುತ್ತಿದ್ದವು. ಟಬ್ಬಿ ಅವುಗಳಿಂದ ತೆಗೆಯುತ್ತಿದ್ದರು. ಫೇಡರ್, ಅಂದರೆ ಸದ್ದು ಏರಿಸಿ ಇಳಿಸುವ ಜಾರುಗುಂಡಿ, ಇಳಿಸಿದರೆ ಗಿಟಾರು ಮಾಯ. ಏರಿಸಿದರೆ ಅರೆಗಳಿಗೆ ಬಂದು ಎಕೋದಲ್ಲಿ ಕರಗಿತು. ಆ ಮಿಕ್ಸರಿನಲ್ಲಿ ಒಂದು ದಪ್ಪ ಗುಂಡಿ ಇತ್ತು. ತಿರುಗಿಸಿದ ಹಾಗೆ ತಗ್ಗಿನ ಸ್ವರಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ ಕೊನೆಗೆ ತೆಳ್ಳನೆಯ ಸುಯ್ ಸದ್ದು ಮಾತ್ರ ಉಳಿಸುತ್ತಿತ್ತು. ಗುಡುಗು ಬೇಕಾದರೆ ದನಿ ಗುಂಯ್‌ಗುಡಿಸುವ, ಸ್ಪ್ರಿಂಗ್ ಇರುವ ರಿವರ್ಬ್ ಪೆಟ್ಟಿಗೆಗೆ ಕೈಯಿಂದ ಒಂದು ಏಟು.

ಟೇಪ್ ಎಕೋ ಬಗ್ಗೆ ಎರಡು ಮಾತು. ಒಂದು ಟೇಪಿನ ಸುತ್ತು ತಿರುಗುತ್ತಿರುತ್ತದೆ. ಒಂದು ಹೆಡ್ ಬರೆಯುತ್ತದೆ, ಸ್ವಲ್ಪ ಮುಂದಿರುವ ಇನ್ನೊಂದು ಓದುತ್ತದೆ. ನಡುವಿನ ಅಂತರವೇ ತಡ. ಓದಿದ್ದನ್ನು ಮತ್ತೆ ಬರೆಯಲು ಕಳಿಸಿದರೆ ದನಿ ಮರುಕಳಿಸುತ್ತಾ ಹೋಗುತ್ತದೆ. ಪ್ರತಿ ಸಲವೂ ಸ್ವಲ್ಪ ಮಸುಕು, ಸ್ವಲ್ಪ ಹರಿದದ್ದು. ನೂರು ಸಲ ಒಗೆದ ಸೀರೆಯ ಬಣ್ಣದ ಹಾಗೆ. ಇವತ್ತಿನ ಕಂಪ್ಯೂಟರಿನ ಎಕೋ ಹಾಗೆ ಮಾಸುವುದಿಲ್ಲ. ಬೇಕೆಂದೇ ಮಾಸುವಂತೆ ಮಾಡಬೇಕು.

ಟಬ್ಬಿಯ ಒಂದೇ ಒಂದು ಕೆಲಸ ಕೇಳುವುದಾದರೆ 'ಕಿಂಗ್ ಟಬ್ಬೀಸ್ ಮೀಟ್ಸ್ ರಾಕರ್ಸ್ ಅಪ್‌ಟೌನ್' ಕೇಳಿ. ಅದೇ ಹೆಸರಿನ ಆಲ್ಬಮ್ ಬಂದಿದ್ದು 1976ರಲ್ಲಿ. ಜೇಕಬ್ ಮಿಲ್ಲರ್ ಹಾಡಿದ ಒಂದು ಪ್ರೇಮಗೀತೆಯ ಡಬ್ ಅದು. ಅಗಸ್ಟಸ್ ಪ್ಯಾಬ್ಲೋ ಅವರ ಮೆಲೋಡಿಕಾ ಇದೆ. ಊದುತ್ತಾ ಮನೆ ಒತ್ತುವ, ಶಾಲೆ ಮಕ್ಕಳು ಕಲಿಯುವ ಪುಟ್ಟ ವಾದ್ಯ. ಹಾರ್ಮೋನಿಯಂ ಕೇಳಿ ಬೆಳೆದ ಕಿವಿಗೆ ಅದು ತಟ್ಟನೆ ನೆಂಟನಂತೆ ಕೇಳುತ್ತದೆ. ಮಿಲ್ಲರ್ ಒಂದು ಶಬ್ದ ಶುರು ಮಾಡುತ್ತಾರೆ, ಮುಗಿಯುವ ಮೊದಲೇ ಟಬ್ಬಿ ಫೇಡರ್ ಎಳೆಯುತ್ತಾರೆ. ಅರ್ಧ ಶಬ್ದ ಎಕೋದಲ್ಲಿ ದೂರ ದೂರ ಹೋಗುತ್ತದೆ. ಕೆಳಗೆ ಬೇಸ್ ನಡೆಯುತ್ತಲೇ ಇರುತ್ತದೆ. ಪೂರ್ತಿ ಹಾಡಿಗಿಂತ ಆ ಅರ್ಧ ಶಬ್ದದಲ್ಲೇ ನನಗೆ ವಿರಹ ಜಾಸ್ತಿ ಕೇಳುತ್ತದೆ.

ಹಾಗಾಗಿ ಡಬ್ ಅನ್ನು ರೀಮಿಕ್ಸ್ ಮಾಡುವುದು ಅಂದರೆ ಸಣ್ಣ ಮಾತಲ್ಲ. ಅದು ಮೊದಲೇ ರೀಮಿಕ್ಸ್. ತೆಗೆದು ತೆಗೆದು ಉಳಿದದ್ದು. ಅದರ ಮೇಲೆ ಇನ್ನೊಬ್ಬರು ಏನು ಹಾಕುತ್ತಾರೆ?

ಇಲ್ಲಿ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಹೌಸ್ ಅನ್ನುವ ಹೆಸರು ಬಲವಾಗುವ ಮುಂಚೆಯೇ ಡಬ್ ಆ ಮನೆಯೊಳಗೆ ಬಂದಿತ್ತು. ನ್ಯೂಯಾರ್ಕಿನ ಕಿಂಗ್ ಸ್ಟ್ರೀಟ್‌ನಲ್ಲಿ ಪ್ಯಾರಡೈಸ್ ಗರಾಜ್ ಅಂತ ಕ್ಲಬ್ ಇತ್ತು, 1977ರಿಂದ 1987ರವರೆಗೆ. ಅಲ್ಲಿನ ಡೀಜೇ ಲ್ಯಾರಿ ಲೆವಾನ್. ಅತ್ತ ಬಹಾಮಾಸ್‌ನ ನಸ್ಸೌದಲ್ಲಿ ಕಂಪಾಸ್ ಪಾಯಿಂಟ್ ಸ್ಟುಡಿಯೋ. ಅಲ್ಲಿ ಜಮೈಕಾದ ಸ್ಲೈ ಡನ್‌ಬಾರ್ ಡ್ರಮ್, ರಾಬೀ ಶೇಕ್ಸ್‌ಪಿಯರ್ ಬೇಸ್ ನುಡಿಸುತ್ತಿದ್ದರು. ಅವರ ಜೊತೆ ಗ್ವೆನ್ ಗಥ್ರಿ ಹಾಡಿದ ಹಾಡುಗಳನ್ನು ಲೆವಾನ್ ಮತ್ತೆ ಮಿಕ್ಸ್ ಮಾಡಿದರು. 1983ರ 'ಪ್ಯಾಡ್‌ಲಾಕ್' ಅದು. ಕುಣಿತದ ಹಾಡುಗಳೇ. ಆದರೆ ಬೇಸಿನ ಸುತ್ತ ಗಾಳಿ ಆಡುತ್ತದೆ. ಗ್ವೆನ್ ದನಿ ಬಂದು ಹೋಗುತ್ತದೆ, ಡ್ರಮ್ಮಿನ ಸಿಂಬಲ್ ತಟ್ಟೆಯ ಸದ್ದು ಎಕೋದಲ್ಲಿ ಚೆಲ್ಲುತ್ತದೆ. ಟಬ್ಬಿಯ ಕೈ ಗುರುತು ಸಿಗುತ್ತದೆ ಅಲ್ಲಿ. ಹೌಸ್ ರೆಕಾರ್ಡುಗಳ ಹಿಂಬದಿಯಲ್ಲಿ ಇವತ್ತಿಗೂ 'ಡಬ್ ಮಿಕ್ಸ್' ಅಂತ ಬರೆದಿರುತ್ತಾರೆ. ರೆಗ್ಗೆಯ ಸುಳಿವೂ ಇರುವುದಿಲ್ಲ, ದನಿ ಬಹುಪಾಲು ತೆಗೆದಿರುತ್ತಾರೆ ಅಷ್ಟೇ. ವಾಟರ್‌ಹೌಸ್‌ನ ಮಾತು ಅದು, ಊರು ಬಿಟ್ಟು ಬಂದು ಇಲ್ಲಿ ಉಳಿದುಕೊಂಡಿದೆ.

ಇನ್ನೊಂದು. ಬಿಳಿಯರು ಬಂದು ರೆಗ್ಗೆಗೆ ಕರೆಂಟು ಕೊಟ್ಟರು ಅನ್ನುವ ಹಾಗೆ ಕೆಲವರು ಬರೆಯುತ್ತಾರೆ. ನನಗೆ ಸಿಟ್ಟು ಬರುತ್ತದೆ. 1985ರಲ್ಲಿ ಟಬ್ಬಿಯ ಶಿಷ್ಯ ಜ್ಯಾಮಿ, ಪುಟ್ಟ ಕ್ಯಾಸಿಯೋ ಕೀಬೋರ್ಡಿನೊಳಗಿದ್ದ ಒಂದು ರಿದಮ್ಮಿನಿಂದ 'ಅಂಡರ್ ಮಿ ಸ್ಲೆಂಗ್ ಟೆಂಗ್' ಹೊರತಂದಾಗ ಇಡೀ ದ್ವೀಪದ ಸಂಗೀತ ಎಲೆಕ್ಟ್ರಾನಿಕ್ ಕಡೆ ಹೊರಳಿತು. ಯಾರೂ ಕಲಿಸಬೇಕಾಗಿರಲಿಲ್ಲ.

ಈಗ ಬ್ರಿಟನ್ನಿಗೆ ಬರೋಣ. ಬ್ರಿಸ್ಟಲ್‌ನ ಮ್ಯಾಸಿವ್ ಅಟ್ಯಾಕ್ ತಂಡದವರು 1994ರಲ್ಲಿ 'ಪ್ರೊಟೆಕ್ಷನ್' ಆಲ್ಬಮ್ ತಂದರು. ಮರುವರ್ಷ ಅದನ್ನೇ ಲಂಡನ್ನಿನಲ್ಲಿ ಡಬ್ ಮಾಡುವ ಮ್ಯಾಡ್ ಪ್ರೊಫೆಸರ್ ಕೈಗೆ ಕೊಟ್ಟರು. ಗಯಾನಾದಲ್ಲಿ ಹುಟ್ಟಿದ ನೀಲ್ ಫ್ರೇಸರ್ ಅವರು. ಹುಡುಗನಾಗಿದ್ದಾಗ ಸದಾ ವಯರು, ವಾಲ್ವು ಅಂತ ಕೂತಿರುತ್ತಿದ್ದರಿಂದ ಆ ಅಡ್ಡಹೆಸರು ಬಂತು. 1979ರಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಸ್ಟುಡಿಯೋ ಶುರು ಮಾಡಿದವರು. ಮತ್ತೆ ಮುಂದಿನ ಕೋಣೆ, ನೋಡಿ. ಅವರು ಮಾಡಿಕೊಟ್ಟ 'ನೋ ಪ್ರೊಟೆಕ್ಷನ್' ಕೇಳಿದರೆ ಮೂಲ ಆಲ್ಬಮ್ಮಿಗೆ ನೀರು ಹೊಕ್ಕಿದ ಹಾಗಿದೆ. ಟ್ರೇಸಿ ಥಾರ್ನ್ ಹಾಡಿದ ಮುಖ್ಯ ಹಾಡಿನಲ್ಲಿ ಅವರ ದನಿ ಚೂರು ಚೂರಾಗಿ ಅಲ್ಲಲ್ಲಿ ತೇಲುತ್ತದೆ.

ಸರಿಸುಮಾರು ಅದೇ ಹೊತ್ತಿಗೆ ಅದೇ ಟ್ರೇಸಿ ಥಾರ್ನ್ ತಮ್ಮ ತಂಡದಲ್ಲಿ ಹಾಡಿದ 'ಮಿಸ್ಸಿಂಗ್' ಅನ್ನು ನ್ಯೂಯಾರ್ಕಿನ ಹೌಸ್ ನಿರ್ಮಾಪಕ ಟಾಡ್ ಟೆರ್ರಿ ರೀಮಿಕ್ಸ್ ಮಾಡಿದರು. ದನಿಯನ್ನು ಪೂರ್ತಿ ಉಳಿಸಿದರು. ಕೆಳಗೆ ಹೌಸ್ ಡ್ರಮ್ ಕೂರಿಸಿದರು. 1995ರಲ್ಲಿ ಅದು ಊರೆಲ್ಲ ಹಬ್ಬಿತು. ಒಂದೇ ದನಿ, ಎರಡು ದಾರಿ. ಒಬ್ಬರು ಡ್ರಮ್ ಸೇರಿಸಿದರು, ಒಬ್ಬರು ದನಿ ತೆಗೆದರು. ಟೆರ್ರಿಯ ಕೆಲಸ ನನಗೆ ಇಷ್ಟ. ಆ ಹಾಡಿನ ಒಂಟಿತನಕ್ಕೆ ಒಂದೇ ಸಮ ನಡೆಯುವ ಡ್ರಮ್ ಚೆನ್ನಾಗಿ ಹೊಂದುತ್ತದೆ, ರಾತ್ರಿ ಬಸ್ಸಿನ ಎಂಜಿನ್ನಿನ ಹಾಗೆ. ಆದರೆ ಅದೇ ಉಪಾಯ ಡಬ್ ಮೇಲೆ ನಡೆಯುವುದಿಲ್ಲ. ಡಬ್‌ನಲ್ಲಿ ಉಳಿಸಿಕೊಳ್ಳಬೇಕಾದ್ದು ಖಾಲಿ ಜಾಗ, ಡ್ರಮ್ ಹೋಗಿ ಕೂರುವುದು ಅಲ್ಲೇ.

ಕೆಲಸದ ತೊಡಕೂ ಇದೆ. ಎಪ್ಪತ್ತರ ದಶಕದ ಜಮೈಕಾದಲ್ಲಿ ಟೇಪ್ ದುಬಾರಿ. ಹಳೆಯದರ ಮೇಲೆಯೇ ಹೊಸತು ಬರೆಯುತ್ತಿದ್ದರು. ಹಾಗಾಗಿ ಎಷ್ಟೋ ಹಾಡುಗಳ ಬಿಡಿ ಟ್ರ್ಯಾಕುಗಳು ಈಗ ಇಲ್ಲವೇ ಇಲ್ಲ. ರೀಮಿಕ್ಸ್ ಮಾಡುವವರ ಕೈಗೆ ಸಿಗುವುದು ಮುಗಿದ ಹಾಡು ಮಾತ್ರ. ಡ್ರಮ್, ಬೇಸ್, ದನಿ ಎಲ್ಲ ಒಟ್ಟಿಗೆ ಬೆಂದಿರುತ್ತವೆ. ಅದರಿಂದ ಒಂದನ್ನೇ ಎತ್ತುವುದು ಬಹಳ ಕಷ್ಟ. ಹಾಗಾಗಿ ಮೇಲೆ ಸುರಿಯುತ್ತಾರೆ.

2013ರಲ್ಲಿ ಆಫೀಸಿನವರು ಮೂರು ತಿಂಗಳು ಬರ್ಲಿನ್‌ಗೆ ಕಳಿಸಿದರು. ಹೋದ ವಾರವೇ ಹಾರ್ಡ್ ವ್ಯಾಕ್ಸ್ ರೆಕಾರ್ಡ್ ಅಂಗಡಿ ಹುಡುಕಿಕೊಂಡು ಹೋದೆ. ಆಗ ಅದು ಕ್ರಾಯ್ಟ್ಸ್‌ಬರ್ಗ್‌ನಲ್ಲಿ ಕಾಲುವೆ ದಂಡೆಯ ರಸ್ತೆಯಲ್ಲಿತ್ತು. ಒಳ ಅಂಗಳ ದಾಟಿ, ಗೀಚುಬರಹ ತುಂಬಿದ ಮೆಟ್ಟಿಲು ಹತ್ತಬೇಕು. 1989ರಲ್ಲಿ ಅದನ್ನು ತೆರೆದವರು ಮಾರ್ಕ್ ಅರ್ನೆಸ್ಟಸ್. ಅವರೂ ಮೊರಿಟ್ಸ್ ಫಾನ್ ಓಸ್ವಾಲ್ಡ್ ಅವರೂ ಸೇರಿ 1993ರಲ್ಲಿ ಬೇಸಿಕ್ ಚಾನೆಲ್ ಶುರು ಮಾಡಿದರು. ಟೆಕ್ನೋ, ಅಂದರೆ ಯಂತ್ರಗಳಿಂದ ಮಾಡುವ ಕುಣಿತದ ಸಂಗೀತ. ಕಿಕ್ ಇದೆ, ಆದರೆ ಕಂಬಳಿ ಹೊದ್ದ ಹಾಗೆ ಮೆತ್ತಗೆ. ಮೇಲೆ ಒಂದೇ ಒಂದು ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು), ರೆಗ್ಗೆ ಗಿಟಾರಿನ ಚಕ್ ಇದ್ದ ಜಾಗದಲ್ಲಿ ಬಂದು, ಎಕೋದಲ್ಲಿ ಕರಗಿ, ಟೇಪಿನ ಸುಯ್ ಸದ್ದಿಗೆ ಸೇರುತ್ತದೆ. ಹಾಡಿನ ತುಣುಕಾಗಲಿ ದನಿಯಾಗಲಿ ಇಲ್ಲ. ಕಿಂಗ್‌ಸ್ಟನ್ನಿನಿಂದ ಅವರು ತಂದುಕೊಂಡದ್ದು ಕೇಳುವ ರೀತಿ ಮಾತ್ರ.

ಅಂಗಡಿಯಲ್ಲಿ ರೆಕಾರ್ಡು ಹಾಕಿ ಕೇಳಲು ಟರ್ನ್‌ಟೇಬಲ್ ಇಟ್ಟಿದ್ದರು. ನಾನು ಅಲ್ಲಿ ಮೂರು ಗಂಟೆ ನಿಂತೆ. ಅವರಿಬ್ಬರೇ ರಿದಮ್ ಅಂಡ್ ಸೌಂಡ್ ಹೆಸರಲ್ಲಿ ನಿಜವಾದ ರೆಗ್ಗೆ ಮಾಡಿದ್ದಾರೆ. 2005ರ 'ಸೀ ಮಿ ಯಾ' ಆಲ್ಬಮ್ಮಿನಲ್ಲಿ ಒಂದೇ ರಿದಮ್ ಮೇಲೆ ಹಾಡಿಗೊಬ್ಬರು ಗಾಯಕರು. ಶುಗರ್ ಮಿನಾಟ್ ಇದ್ದಾರೆ, ವಿಲ್ಲಿ ವಿಲಿಯಮ್ಸ್ ಇದ್ದಾರೆ, ಡೊಮಿನಿಕಾದಿಂದ ಬಂದು ಬರ್ಲಿನ್‌ನಲ್ಲಿ ನೆಲೆಸಿದ ಪಾಲ್ ಸೇಂಟ್ ಇಲೇರ್ ಇದ್ದಾರೆ. ಮರುವರ್ಷ ಆ ಹಾಡುಗಳನ್ನು ಹೌಸ್, ಟೆಕ್ನೋದವರಿಗೆ ಕೊಟ್ಟರು. ಡೆಟ್ರಾಯಿಟ್‌ನ ಕಾರ್ಲ್ ಕ್ರೇಗ್, ನ್ಯೂಯಾರ್ಕ್‌ನ ಫ್ರಾಂಸ್ವಾ ಕೆವೋರ್ಕಿಯನ್, ಚಿಲಿಯಲ್ಲಿ ಹುಟ್ಟಿ ಜರ್ಮನಿಯಲ್ಲಿ ಬೆಳೆದ ರಿಕಾರ್ಡೊ ವಿಲ್ಲಾಲೋಬೋಸ್. ಇಪ್ಪತ್ತು ವರ್ಷದ ಹುಡುಕಾಟದಲ್ಲಿ ನನಗೆ ಸಿಕ್ಕ ಅತಿ ಒಳ್ಳೆಯ ಉತ್ತರ ಆ ರೆಕಾರ್ಡುಗಳಲ್ಲಿದೆ.

ಕಾರ್ಲ್ ಕ್ರೇಗ್ ತೆಗೆದುಕೊಂಡದ್ದು ಬೊಬೊ ಶಾಂತಿ ಹಾಡಿದ 'ಪೂರ್ ಪೀಪಲ್ ಮಸ್ಟ್ ವರ್ಕ್'. ಬಡವರು ದುಡಿಯಲೇಬೇಕು. ಕಿಕ್ ನಾಲ್ಕೂ ಮಾತ್ರೆಗೆ ಬೀಳುತ್ತದೆ, ಮುಚ್ಚುಮರೆ ಇಲ್ಲ. ಅದನ್ನು ಕೇಳಿದಾಗ ನನಗೆ ಫ್ಯಾಕ್ಟರಿ ನೆನಪಾಗುತ್ತದೆ, ಶಿಫ್ಟು ನೆನಪಾಗುತ್ತದೆ. ಡೆಟ್ರಾಯಿಟ್ ಕಾರಿನ ಕಾರ್ಖಾನೆಗಳ ಊರು, ಅಲ್ವಾ. ನಿಲ್ಲದ ಡ್ರಮ್ಮಿಗೆ ಆ ಹಾಡಿನಲ್ಲಿ ಒಂದು ಕಾರಣ ಇದೆ. ದನಿ ಮಾತ್ರ ಟಬ್ಬಿಯ ರೀತಿಯಲ್ಲೇ ಬಂದು ಹೋಗುತ್ತದೆ. ಮೊದಲ ಮಾತ್ರೆ ತುಂಬಿದೆ, ನಿಜ. ಖಾಲಿ ಜಾಗ ಡ್ರಮ್ಮಿನಿಂದ ಎದ್ದು ದನಿಯೊಳಗೆ ಹೋಗಿ ಕೂತಿದೆ.

ಅದೇ ಅಂಗಡಿಯವರ ಇನ್ನೊಂದು ಕೆಲಸಕ್ಕೆ ನಾನು ಕೈ ಮುಗಿಯುತ್ತೇನೆ. ಲಾಯ್ಡ್ ಬಾರ್ನ್ಸ್ ಅಂತ ಒಬ್ಬರು ಜಮೈಕಾ ಬಿಟ್ಟು ನ್ಯೂಯಾರ್ಕಿನ ಬ್ರಾಂಕ್ಸ್‌ಗೆ ಬಂದು ವ್ಯಾಕೀಸ್ ಎಂಬ ಹೆಸರಲ್ಲಿ ಅದ್ಭುತ ರೆಗ್ಗೆ ರೆಕಾರ್ಡುಗಳನ್ನು ತಂದಿದ್ದರು. ಅವು ಸಿಗದೆ ಹೋಗಿದ್ದವು. 2001ರಿಂದ ಬೇಸಿಕ್ ಚಾನೆಲ್‌ನವರು ಅವನ್ನು ಒಂದೊಂದಾಗಿ ಮತ್ತೆ ಅಚ್ಚು ಹಾಕಿಸಿದರು. ಏನೂ ಸೇರಿಸದೆ, ಮುಟ್ಟದೆ, ಮೂಲದವರ ಹೆಸರಿನಲ್ಲೇ.

ಹೆಸರಿನ ಮಾತು ಬಂದದ್ದರಿಂದ ಹೇಳುತ್ತೇನೆ. ಜಮೈಕಾಗೆ ಅದರದೇ ಕಾಪಿರೈಟ್ ಕಾಯ್ದೆ ಬಂದದ್ದು 1993ರಲ್ಲಿ. ಅಲ್ಲಿಯವರೆಗೆ 1911ರ ಬ್ರಿಟಿಷ್ ಕಾನೂನೇ. ಬೇಸ್ ನುಡಿಸಿದವರಿಗೆ, ಡ್ರಮ್ ಬಾರಿಸಿದವರಿಗೆ ಅವತ್ತಿನ ಕೂಲಿ ಕೊಟ್ಟರೆ ಮುಗಿಯಿತು. ಆ ಒಂದು ಬೇಸ್ ನಡೆ ಮುಂದೆ ನೂರು ಹಾಡಾದರೂ, ಯುರೋಪಿನ ಕ್ಲಬ್ಬುಗಳಲ್ಲಿ ಕುಣಿಸಿದರೂ, ನುಡಿಸಿದ ಬೆರಳಿಗೆ ಸಿಕ್ಕಿದ್ದು ಆ ಕೂಲಿಯೇ. ಹಾಗಾಗಿ ರೀಮಿಕ್ಸ್ ಕೈಗೆ ಬಂದರೆ ನಾನು ಮೊದಲು ಕವರಿನ ಹಿಂಬದಿ ಓದುತ್ತೇನೆ. ನುಡಿಸಿದವರ ಹೆಸರು ಇದೆಯಾ ಅಂತ. ಹಾಡಿನಿಂದ ದನಿ ತೆಗೆಯಬಹುದು. ಹೆಸರು ತೆಗೆಯಬಾರದು.

ಟಬ್ಬಿಯನ್ನು 1989ರ ಫೆಬ್ರವರಿ 6ರಂದು ಅವರ ಮನೆಯ ಹೊರಗೆ ಗುಂಡಿಟ್ಟು ಕೊಂದರು. ಯಾರು ಅಂತ ಕೊನೆಗೂ ತಿಳಿಯಲಿಲ್ಲ. 48 ವರ್ಷ ವಯಸ್ಸು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಮಾಸ್ತರರ ಮನೆಗೆ ಹೋಗಿದ್ದೆ. ಎಂಬತ್ತು ದಾಟಿದೆ. ಕೈ ನಡುಗುತ್ತದೆ, ಈಗ ನುಡಿಸುವುದಿಲ್ಲ. ಕಿವಿ ಮಾತ್ರ ಹಾಗೇ ಇದೆ. ಇಷ್ಟು ವರ್ಷ ಏನು ಕೇಳ್ತೀಯೋ ಅಂದರು. ಫೋನಿಗೆ ಪುಟ್ಟ ಸ್ಪೀಕರ್ ಜೋಡಿಸಿ ಮೊದಲು ಆ ಹಳೆಯ ಹೌಸ್ ರೀಮಿಕ್ಸ್ ಹಾಕಿದೆ. ಒಂದು ನಿಮಿಷ ಕೇಳಿ ತಲೆ ಆಡಿಸಿದರು.

"ಛಲೋ ಐತಿ. ಆದ್ರ ಎಲ್ಲಾ ಸಮ್ಮ ಐತೆಲ್ಲೋ, ಉಸಿರು ಎಲ್ಲಿ ತಗೋಬೇಕು?"

ಆಮೇಲೆ ಟಬ್ಬಿಯದು ಹಾಕಿದೆ. ಮೆಲೋಡಿಕಾ ಬಂತು. ಕಣ್ಣು ಮುಚ್ಚಿದರು. ಮಂಡಿಯ ಮೇಲೆ ಬೆರಳು ಎಣಿಸತೊಡಗಿತು. ಎರಡು ಸುತ್ತು ತಪ್ಪಿತು. ಒಂದನೇ ಮಾತ್ರೆಗೆ ಅಂಗೈ ಇಳಿಯಿತು, ಅಲ್ಲಿ ಏನೂ ಸಿಗಲಿಲ್ಲ. ಹುಬ್ಬು ಗಂಟಾಯಿತು.

"ಸಮ್ ಎಲ್ಲಿ ಹೋತೋ ತಮ್ಮಾ?"

ನಾನು ಮಾತಾಡಲಿಲ್ಲ. ಮಿಲ್ಲರ್ ದನಿ ಅರ್ಧ ಬಂದು ಎಕೋದಲ್ಲಿ ದೂರ ಹೋಯಿತು. ಮುಂದಿನ ಸುತ್ತು ಬಂತು. ಮಾಸ್ತರರ ಕೈ ಮೇಲೆದ್ದಿತು, ಒಂದನೇ ಮಾತ್ರೆಗೆ ಸರಿಯಾಗಿ, ನಡುಗುತ್ತಲೇ, ಹೊರಗೆ ಬೀಸಿತು.